ಸಹಾಯ ಬೇಕು: ಒಡಿಸ್ಸಿ ಆಯ್ತು, ಮುಂದೆ ಯಾವ ಅನುವಾದ?

ಎಲ್ಲರಿಗೂ ನಮಸ್ಕಾರ. ಇ.ವಿ. ರಿಯೂ ಅವರ ಇಂಗ್ಲಿಷ್ ಗದ್ಯಾನುವಾದದಲ್ಲಿ ಹೋಮರನ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ ಓದಿ ಮುಗಿಸಿದೆ. 1946ರಲ್ಲಿ ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆ ಶುರುವಾಗಿದ್ದೇ ಇದರಿಂದ. ಟ್ರಾಯ್ ಯುದ್ಧಕ್ಕೆ ಹೋಗಿದ್ದ ಕಥಾನಾಯಕ ಒಡಿಸ್ಯೂಸ್ 20 ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನಲ್ಲ, ಯಾರೂ ಹೇಳದೆ ಅವನನ್ನು ಮೊದಲು ಗುರುತು ಹಿಡಿಯುವುದು ಮುದಿ ನಾಯಿ ಆರ್ಗೋಸ್. ತಿಪ್ಪೆಯ ಮೇಲೆ ಬಿದ್ದಿದ್ದ ಅದಕ್ಕೆ ಎದ್ದು ಬರಲೂ ಶಕ್ತಿಯಿಲ್ಲ. ಬಾಲ ಅಲ್ಲಾಡಿಸಿ, ಕಿವಿ ಇಳಿಬಿಟ್ಟು, ಅಲ್ಲೇ ಪ್ರಾಣ ಬಿಡುತ್ತದೆ. ಒಡೆಯ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಳ್ಳುತ್ತಾನೆ. ಆ ಪುಟ ದಾಟೋದು ಸುಲಭವಲ್ಲ!

ಈಗ ಹೋಮರನದೇ ಇನ್ನೊಂದು ಮಹಾಕಾವ್ಯ ‘ಇಲಿಯಡ್’ ಪದ್ಯದಲ್ಲೇ ಬೇಕು. ರಾಬರ್ಟ್ ಫೇಗಲ್ಸ್ (1990) ಒಳ್ಳೆಯದಾ, ಎಮಿಲಿ ವಿಲ್ಸನ್ (2023) ಒಳ್ಳೆಯದಾ? ನಾನು ಜೋರಾಗಿ ಓದುವವನು, ಹಾಗಾಗಿ ಲಯ ಮುಖ್ಯ.

ಇನ್ನೊಂದು. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ನಾಟಕಕ್ಕೆ ಮೂಲ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಏಜಾಕ್ಸ್’ ಅಲ್ವಾ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವ ಆಸೆ. ಟಿಪ್ಪಣಿ ಚೆನ್ನಾಗಿರುವ ಇಂಗ್ಲಿಷ್ ‘ಏಜಾಕ್ಸ್’ ಯಾವುದು? ಲೋಬ್ ಮಾಲೆಯ ಹಸಿರು ಪುಸ್ತಕಗಳಲ್ಲಿ ಎಡಕ್ಕೆ ಗ್ರೀಕ್, ಬಲಕ್ಕೆ ಇಂಗ್ಲಿಷ್ ಇರುತ್ತದೆ, ಆದರೆ ಬೆಲೆ ಜಾಸ್ತಿ. ಬೆಂಗಳೂರಿನಲ್ಲಿ ಹಳೇ ಪ್ರತಿ ಸಿಗುವ ಜಾಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಪ್ಲೇಟೋ ಓದು ಅಂತ ಸದ್ಯಕ್ಕೆ ಯಾರೂ ಹೇಳಬೇಡಿ, ನಾಟಕಗಳು ಮುಗಿಯಲಿ.