ತೆರಿಗೆಗೆ ಮುನ್ನವೇ ಸಂಬಳದಿಂದ ನಿವೃತ್ತಿಗೆ ಹಣ ಕೂಡಿಡುವುದು: ವಿಪಿಎಫ್ ಸರಿಯೋ, ಎನ್‌ಪಿಎಸ್ ಸರಿಯೋ?

ಪ್ರಶ್ನೆ: ಸಿದ್ದಾಪುರದ ಓದುಗ

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರದ ಬಳಿಯ ಕಾಫಿ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ, ವಯಸ್ಸು 43. ಪಿಎಫ್‌ಗೆ ಕಂಪನಿ ಕಟ್ಟುವ ಪಾಲನ್ನು ಬಿಟ್ಟು ವರ್ಷದ ಸಂಬಳ 13.5 ಲಕ್ಷ ರೂಪಾಯಿ, ಅದರಲ್ಲಿ ಮೂಲವೇತನ 6.75 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿರುವ ನನ್ನ ಪೇ ಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಎಂದು 6,175 ರೂಪಾಯಿ ಕಡಿತವಾಗುತ್ತದೆ. ಮನೆಗೆ ಎರಡು ಎಕರೆ ರೊಬಸ್ಟಾ ತೋಟವಿದೆ. ಆದರೆ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಅಪ್ಪ ಈ ಇಳಿವಯಸ್ಸಿನಲ್ಲೂ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದ ಬೆಲೆ ಏರಲೆಂದು ಕಾದು ಕುಳಿತಿದ್ದನ್ನು ಕಂಡ ಮೇಲೆ, ನಿವೃತ್ತಿಗೆ ತೋಟವನ್ನಷ್ಟೇ ನಂಬಲು ಮನಸ್ಸು ಒಪ್ಪುತ್ತಿಲ್ಲ. ವಿಪಿಎಫ್‌ಗೆ, ಅಂದರೆ ಕಡ್ಡಾಯ ಪಾಲಿನ ಮೇಲೆ ನಾನಾಗಿಯೇ ಪಿಎಫ್‌ಗೆ, ತಿಂಗಳಿಗೆ 5,000 ರೂಪಾಯಿ ಹೆಚ್ಚಿಗೆ ಕಟ್ಟಿದರೆ ತೆರಿಗೆ ಇಳಿಯುತ್ತದೆಯೇ?

ಉತ್ತರ: ಕುಶಾಲನಗರದ ಲೆಕ್ಕಿಗ

ಇಳಿಯುವುದಿಲ್ಲ. ವಿಪಿಎಫ್ ಒಳ್ಳೆಯ ಉಳಿತಾಯವೇ ಹೌದು, 2024–25ಕ್ಕೆ ಬಡ್ಡಿ ಶೇ 8.25 ಇತ್ತು, ಆದರೆ ನೌಕರರು ತಾವಾಗಿ ಕಟ್ಟುವ ಹಣಕ್ಕೆ ಉಳಿತಾಯದ ತೆರಿಗೆ ವಿನಾಯಿತಿ (80ಸಿ ಎಂದು ಹೆಸರಾದದ್ದು) ದೊರೆಯುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ನಿಮಗೆ ತೆರೆದಿರುವ ಬಾಗಿಲು ಕಂಪನಿಯೇ ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಕಟ್ಟುವ ಹಣ. 2024ರ ಜುಲೈ ಬಜೆಟ್‌ನಿಂದ ಈಚೆಗೆ ಖಾಸಗಿ ನೌಕರರಿಗೂ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ಇದನ್ನು ಆದಾಯದಿಂದ ಕಳೆಯಬಹುದು.

2025–26ರ ದರದಲ್ಲಿ ನಿಮ್ಮ ಲೆಕ್ಕವನ್ನೇ ಹಾಕಿ ನೋಡಿದೆ. ಪ್ರಮಾಣಿತ ಕಡಿತ 75,000 ಕಳೆದರೆ ತೆರಿಗೆಗೆ ಒಳಪಡುವ ಆದಾಯ 12.75 ಲಕ್ಷ, ಸೆಸ್ ಸೇರಿ ತೆರಿಗೆ 74,100 ರೂಪಾಯಿ. ಶೇ 14 ಎಂದರೆ ವರ್ಷಕ್ಕೆ 94,500 ರೂಪಾಯಿ; ಅದು ಎನ್‌ಪಿಎಸ್‌ಗೆ ಹೋದರೆ ಆದಾಯ 11,80,500ಕ್ಕೆ ಇಳಿದು, 12 ಲಕ್ಷದೊಳಗಿನವರಿಗೆ ಸಿಗುವ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಅಂದರೆ ತಿಂಗಳಿಗೆ 7,875 ರೂಪಾಯಿ ಕೂಡಿಟ್ಟರೂ ಕೈಗೆ ಬರುವ ಸಂಬಳದಲ್ಲಿ ಕಡಿಮೆಯಾಗುವುದು 1,700 ಮಾತ್ರ. ಇಷ್ಟು ದೊಡ್ಡ ಲಾಭ ನಿಮ್ಮ ಸಂಬಳ ಆ ಗಡಿಯ ಹತ್ತಿರವಿರುವುದರಿಂದ ಬಂದದ್ದು, ಎಲ್ಲರಿಗೂ ಹೀಗಾಗದು.

ಇದಕ್ಕೆ ಕಂಪನಿ ಕಾರ್ಪೊರೇಟ್ ಎನ್‌ಪಿಎಸ್‌ಗೆ (ಕಂಪನಿಗಳ ಮೂಲಕ ನಡೆಯುವ ಎನ್‌ಪಿಎಸ್) ನೋಂದಾಯಿಸಿರಬೇಕು. ಮೊತ್ತವನ್ನು ವಿಶೇಷ ಭತ್ಯೆಯಿಂದ ತೆಗೆಯುವಂತೆ ಕೇಳಿ. ಮೂಲವೇತನಕ್ಕೆ ಕೈ ಹಾಕಿದರೆ ಪಿಎಫ್ ಮತ್ತು ಗ್ರಾಚ್ಯುಟಿ ಎರಡೂ ಕುಗ್ಗುತ್ತವೆ.

ಉತ್ತರ: ನಾಪೋಕ್ಲಿನ ಬೆಳೆಗಾರ್ತಿ

ಮೇಲಿನ ಲೆಕ್ಕದಲ್ಲಿ ತೋಟ ಬಿಟ್ಟುಹೋಗಿದೆ. ಕಣದಲ್ಲಿ ಒಣಗಿಸಿದ ಚೆರಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸದೆ ಮಾರಿದರೆ ಅದು ಕೃಷಿ ಆದಾಯ, ಅದಕ್ಕೆ ನೇರ ತೆರಿಗೆಯಿಲ್ಲ. ಆದರೂ ನಿವ್ವಳ ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಸಂಬಳದ ಮೇಲಿನ ತೆರಿಗೆ ನಿಗದಿಪಡಿಸುವಾಗ ಅದನ್ನೂ ಕೂಡಿಸುತ್ತಾರೆ. ರಿಯಾಯಿತಿಯ ಗರಿಷ್ಠ ಮಿತಿ 60,000 ಆದ್ದರಿಂದ, ನಿಮಗೆ ತೋಟದಿಂದ ಎರಡು ಲಕ್ಷ ನಿವ್ವಳ ಬಂದಿದ್ದರೆ ಎನ್‌ಪಿಎಸ್‌ಗೆ ಕಟ್ಟಿದ ಮೇಲೂ ಸುಮಾರು 17,700 ರೂಪಾಯಿ ತೆರಿಗೆ ಉಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಸಂಬಳ ಮತ್ತು ತೋಟ ಎರಡೂ ಇರುವ ಅನೇಕರು ಇದನ್ನು ರಿಟರ್ನ್ ಸಲ್ಲಿಸುವಾಗಲಷ್ಟೇ ಗಮನಿಸುತ್ತಾರೆ.

ಉತ್ತರ: ಮಡಿಕೇರಿಯ ನಿವೃತ್ತ ನೌಕರ

ತಮ್ಮಾ, ಎನ್‌ಪಿಎಸ್ ಹಣ ಬೇಕೆಂದಾಗ ಕೈಗೆ ಸಿಗುವುದಿಲ್ಲ ಎಂಬುದನ್ನು ಮನೆಯವರಿಗೂ ತಿಳಿಸಿರಿ. ಕೊನೆಯಲ್ಲಿ ಒಂದು ಭಾಗದಿಂದ ಕಡ್ಡಾಯವಾಗಿ ಪಿಂಚಣಿ ಯೋಜನೆ ಕೊಳ್ಳಬೇಕು, ಆ ಪಿಂಚಣಿಗೆ ಬಂದ ವರ್ಷದಲ್ಲಿ ತೆರಿಗೆ ಇದೆ. ಮಕ್ಕಳ ಮದುವೆಗೋ ಮನೆ ಕಟ್ಟುವುದಕ್ಕೋ ಬೇಕಾಗುವ ಹಣವನ್ನು ಪಿಎಫ್‌ನಲ್ಲಿಯೇ ಇಡಿ.

ಸಿದ್ದಾಪುರದ ಓದುಗ

ಮೂವರಿಗೂ ಧನ್ಯವಾದಗಳು. ತೋಟ ಇನ್ನೂ ಅಪ್ಪನ ಹೆಸರಿನಲ್ಲಿದೆ, ಚೆರಿಯ ಹಣ ಅವರ ಖಾತೆಗೇ ಹೋಗುತ್ತದೆ; ಆದ್ದರಿಂದ ಸದ್ಯಕ್ಕೆ ಮೊದಲ ಲೆಕ್ಕವೇ ನನಗೆ ಅನ್ವಯಿಸುತ್ತದೆ. ಕಂಪನಿ ನೋಂದಾಯಿಸಿದೆಯೇ ಎಂದು ಸೋಮವಾರ ವಿಚಾರಿಸಿ, ವಿಶೇಷ ಭತ್ಯೆಯಿಂದ 7,875 ರೂಪಾಯಿ ತೆಗೆಯುವಂತೆ ಲಿಖಿತವಾಗಿ ಕೋರುತ್ತೇನೆ.