ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕ ಹಳದಿ ಮಾರಿಯೊ ಕ್ಯಾಸೆಟ್, ಬೆಲೆ ಎಷ್ಟಿರಬಹುದು?

ಸಕ್ಕರೆನಾಡು_88:

ಎಲ್ಲರಿಗೂ ನಮಸ್ಕಾರ. ಮಂಡ್ಯದ ನಮ್ಮ ಹಳೆ ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದೇವೆ. ಅಟ್ಟದ ಮೇಲಿದ್ದ ದೊಡ್ಡಪ್ಪನ ಟ್ರಂಕು ಇಳಿಸಿದೆವು. ಅದರೊಳಗೆ ಹಳೆ ಪಂಚೆಯಲ್ಲಿ ಸುತ್ತಿಟ್ಟ ಎರಡು ವಿಡಿಯೊ ಗೇಮ್ ಕ್ಯಾಸೆಟ್, ಒಂದು ಅಡಾಪ್ಟರ್ ಸಿಕ್ಕವು. ಗೇಮ್ ಆಡುವ ಡಬ್ಬ ಮಾತ್ರ ಇಲ್ಲ. ದೊಡ್ಡಪ್ಪ 1989ರಲ್ಲಿ ಕೆಲಸದ ಮೇಲೆ ಆರು ತಿಂಗಳು ಜಪಾನಿನಲ್ಲಿದ್ದರು, ಹಳದಿದು ಆಗ ತಂದದ್ದಿರಬೇಕು ಅಂತ ಅಪ್ಪ ಹೇಳುತ್ತಾರೆ. ದೊಡ್ಡಪ್ಪ ಈಗ ಇಲ್ಲ, ಹಾಗಾಗಿ ಕೇಳೋಕೆ ಆಗಲ್ಲ.

ಹಳದಿ ಕ್ಯಾಸೆಟ್ ಮೇಲೆ ಮಾರಿಯೊ ಚಿತ್ರದ ಸ್ಟಿಕರ್, ಜಪಾನಿ ಅಕ್ಷರ, ಜೊತೆಗೆ ಎಚ್‌ವಿಸಿ-ಎಸ್‌ಎಂ ಅಂತ ಇಂಗ್ಲಿಷಿನಲ್ಲಿದೆ. ಹಿಂದುಗಡೆ ಯಾರೋ ಕಪ್ಪು ಪೆನ್ನಿನಲ್ಲಿ ಮೂರು ಜಪಾನಿ ಅಕ್ಷರ ಬರೆದಿದ್ದಾರೆ. ಇನ್ನೊಂದು ಕಪ್ಪು ಕ್ಯಾಸೆಟ್, 76 ಇನ್ 1.

ಹೋದ ವಾರ ಮೈಸೂರಿನಲ್ಲಿ ಹಳೆ ಸಾಮಾನು ಕೊಳ್ಳುವವರೊಬ್ಬರಿಗೆ ತೋರಿಸಿದೆ. ಎರಡೂ ಸೇರಿಸಿ 300 ರೂಪಾಯಿ ಅಂದರು. ಅದೇ ರಾತ್ರಿ ಗೆಳೆಯನೊಬ್ಬ ಮಾರಿಯೊ ಕ್ಯಾಸೆಟ್ ಕೋಟಿಗಟ್ಟಲೆಗೆ ಹರಾಜಾದ ಸುದ್ದಿ ಕಳಿಸಿದ. ಯಾವುದನ್ನು ನಂಬಲಿ? ಇದು ಅಸಲಿಯಾ? ಹಿಂದಿನ ಬರಹವನ್ನು ನೇಲ್ ಪಾಲಿಶ್ ರಿಮೂವರ್‌ನಲ್ಲಿ ಒರೆಸಿದರೆ ಬೆಲೆ ಜಾಸ್ತಿ ಸಿಗುತ್ತಾ? ಅಡಾಪ್ಟರ್ ಕೆಲಸ ಮಾಡುತ್ತಾ ಅಂತ ಸಂಜೆ ಪ್ಲಗ್‌ಗೆ ಹಾಕಿ ನೋಡುತ್ತೇನೆ.

ಬೆಸುಗೆಕಡ್ಡಿ_ಮೈಸೂರು:

ಅಡಾಪ್ಟರ್ ಪ್ಲಗ್‌ಗೆ ಹಾಕಬೇಡಿ! ಮಿಕ್ಕಿದ್ದೆಲ್ಲ ಆಮೇಲೆ. ಜಪಾನಿನ ಮನೆಗಳಲ್ಲಿ ಬರುವುದು 100 ವೋಲ್ಟ್, ನಮ್ಮಲ್ಲಿ 230. ಅಡಾಪ್ಟರ್ ಮೇಲೆ ಇನ್‌ಪುಟ್ ಎಷ್ಟು ಅಂತ ಓದಿ, ಬರೀ 100 ಅಂತಿದ್ದರೆ ಅದನ್ನು ಇಲ್ಲಿ ಹಾಕುವ ಹಾಗೇ ಇಲ್ಲ. 1996ರಲ್ಲಿ ಸರಸ್ವತಿಪುರಂ ಮನೆಯಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ಅರ್ಧ ನಿಮಿಷದಲ್ಲಿ ಸುಟ್ಟ ವಾಸನೆ, ಪ್ಲಾಸ್ಟಿಕ್ ಮೆತ್ತಗಾಗಿ ಹೊಗೆ ಬಂತು, ಅಮ್ಮ ಓಡಿ ಬಂದು ಮೇನ್ ಆಫ್ ಮಾಡಿದರು. ಇನ್ನೊಂದು ವಿಷಯ, ನಿಮ್ಮ ಹಳದಿ ಕ್ಯಾಸೆಟ್ ಹಾಕುವ ಡಬ್ಬ ಅಂದರೆ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಮಾರಿದ ಫ್ಯಾಮಿಕಾಮ್. ಅದಕ್ಕೆ ಬೇಕಾದದ್ದು 10 ವೋಲ್ಟ್ ಡಿಸಿ, ಅದೂ ಪಿನ್ನಿನ ಒಳಗಡೆ ನೆಗೆಟಿವ್. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಒಳಗಡೆ ಪಾಸಿಟಿವ್ ಇರುತ್ತದೆ. ಮುಂದೆ ಯಾವತ್ತಾದರೂ ಡಬ್ಬ ಕೊಂಡರೆ ಇದು ನೆನಪಿರಲಿ.

ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಆ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಅಕ್ಷರದ ಜೊತೆ ಹೊಳಪೂ ಹೋಗಿ ಮಂಜು ಕವಿದ ಹಾಗೆ ಕಲೆ ನಿಲ್ಲುತ್ತದೆ, ಮತ್ತೆ ಸರಿ ಮಾಡೋಕೆ ಆಗಲ್ಲ.

ಅಸಲಿಯಾ ಅಂತ ನೋಡೋಕೆ ಕ್ಯಾಸೆಟ್ ಮೀಟಿ ತೆಗೆಯಬೇಡಿ. ನಿಂಟೆಂಡೊದವರ ಫ್ಯಾಮಿಕಾಮ್ ಕ್ಯಾಸೆಟ್‌ಗೆ ಸ್ಕ್ರೂ ಇರಲ್ಲ. ಒಳಗೆ ಹಲ್ಲಿನಂಥ ಕ್ಲಿಪ್‌ಗಳಿರುತ್ತವೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಮುರಿಯುತ್ತವೆ. ಕೆಳಗೆ ಪಿನ್ನುಗಳು ಕಾಣುವ ಕಡೆ ಮೊಬೈಲ್ ಟಾರ್ಚ್ ಬಿಡಿ. ಒಂದೊಂದು ಬದಿಗೆ 30, ಒಟ್ಟು 60 ಇರಬೇಕು. ಅಮೆರಿಕದ ಎನ್‌ಇಎಸ್ (ಫ್ಯಾಮಿಕಾಮ್‌ನದೇ ಅಲ್ಲಿನ ರೂಪ) ಕ್ಯಾಸೆಟ್ ಆಗಿದ್ದರೆ 72 ಇರುತ್ತಿತ್ತು, ಅದು ಇದಕ್ಕಿಂತ ಎತ್ತರವೂ ಹೌದು. ಪಿನ್ ಎಣಿಕೆ ಒಂದರಿಂದಲೇ ತೀರ್ಮಾನ ಮಾಡೋಕೂ ಆಗಲ್ಲ. ನಮ್ಮಲ್ಲಿ ಮಾರುತ್ತಿದ್ದ ನಕಲಿಗಳೂ 60 ಪಿನ್ನಿನವೇ, ಎಷ್ಟೋ ನಕಲಿಗಳು ಹಳದಿ ಬಣ್ಣದಲ್ಲೇ ಬರುತ್ತಿದ್ದವು. ಸ್ಟಿಕರ್‌ನ ಸಣ್ಣ ಅಕ್ಷರ ಭೂತಗನ್ನಡಿಯಲ್ಲಿ ನೋಡಿ. ಅಸಲಿಯಲ್ಲಿ ಅಂಚು ಚೂಪಾಗಿರುತ್ತದೆ, ನಕಲಿಯಲ್ಲಿ ಜೆರಾಕ್ಸ್ ಮಾಡಿದ ಹಾಗೆ ಕದಡಿರುತ್ತದೆ.

ಅಗ್ರಹಾರದವನು:

ಬೆಲೆ ವಿಷಯ ನಾನು ಹೇಳುತ್ತೇನೆ, ಹನ್ನೆರಡು ವರ್ಷದಿಂದ ಇವನ್ನು ಕೂಡಿಡುತ್ತಿದ್ದೇನೆ.

ನಿಮ್ಮ ಗೆಳೆಯ ಕಳಿಸಿದ ಸುದ್ದಿ ಸುಳ್ಳಲ್ಲ. 2021ರ ಜುಲೈನಲ್ಲಿ ಸೂಪರ್ ಮಾರಿಯೊ 64ರ ಒಂದು ಪ್ರತಿ 15.6 ಲಕ್ಷ ಡಾಲರ್‌ಗೆ ಹರಾಜಾಯಿತು. ಅದಾದ ಮುಂದಿನ ತಿಂಗಳೇ ಸೂಪರ್ ಮಾರಿಯೊ ಬ್ರದರ್ಸ್‌ನ ಒಂದು ಪ್ರತಿ 20 ಲಕ್ಷ ಡಾಲರ್‌ಗೆ ಹೋಯಿತು. ಆದರೆ ಅವರು ದುಡ್ಡು ಕೊಟ್ಟದ್ದು ಯಾವುದಕ್ಕೆ ಅಂತ ನೋಡಬೇಕು. ಅವು ಅಂಗಡಿಯಿಂದ ಬಂದ ಮೇಲೆ ಯಾರೂ ಬಿಚ್ಚದ, ಸೀಲ್ ಒಡೆಯದ ಪ್ಯಾಕಿಂಗ್ ಡಬ್ಬಗಳು. ಪರೀಕ್ಷೆ ಮಾಡುವ ಕಂಪನಿ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟವು. ಅಂಥದ್ದು ಸಿಗುವುದೇ ಕಷ್ಟ. ಕ್ಯಾಸೆಟ್ ಮಾತ್ರ ಬೇಕಾದಷ್ಟಿದೆ. ಸೂಪರ್ ಮಾರಿಯೊ ಬ್ರದರ್ಸ್ ಜಪಾನಿನಲ್ಲಿ 1985ರ ಸೆಪ್ಟೆಂಬರ್ 13ರಂದು ಬಂತು, ಪ್ರಪಂಚದಲ್ಲೆಲ್ಲ ಸೇರಿ 4 ಕೋಟಿಗೂ ಜಾಸ್ತಿ ಮಾರಾಟವಾಯಿತು. ಜಪಾನಿನ ಪ್ರತಿಗಳೇ 68 ಲಕ್ಷ. ನಿಮ್ಮದು ಆ 68 ಲಕ್ಷದಲ್ಲಿ ಒಂದು. ಪ್ಯಾಕಿಂಗ್ ಡಬ್ಬವಿಲ್ಲ, ಪುಸ್ತಕವಿಲ್ಲ, ಮೇಲೆ ಪೆನ್ನಿನ ಬರಹ ಬೇರೆ. ಅಸಲಿಯಾದರೆ ಸಾವಿರ ರೂಪಾಯಿ ಆಸುಪಾಸು. ಪ್ಯಾಕಿಂಗ್ ಡಬ್ಬ, ಪುಸ್ತಕ ಎರಡೂ ಇದ್ದಿದ್ದರೆ ಇದರ ಹಲವು ಪಟ್ಟು ಸಿಗುತ್ತಿತ್ತು. ಟ್ರಂಕಿನ ತಳದಲ್ಲಿ ಪೇಪರ್ ಹಾಸಿದ್ದರೆ ಅದರ ಕೆಳಗೂ ಒಂದು ಸಲ ನೋಡಿ. ನಿಜವಾಗಿ ಹೇಳುತ್ತಿದ್ದೇನೆ, ನನಗೆ ಒಂದು ಗೇಮಿನ ಪುಸ್ತಕ ಹಾಗೇ ಸಿಕ್ಕಿತ್ತು.

ಬೆಲೆ ನೋಡುವಾಗ ಮಾರುವವರು ಹಾಕಿದ ಬೆಲೆ ನೋಡಬೇಡಿ, ಯಾರು ಬೇಕಾದರೂ ಲಕ್ಷ ಅಂತ ಬರೆಯಬಹುದು. ಇಬೇಯಲ್ಲಿ ಮಾರಾಟವಾಗಿ ಮುಗಿದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದರಲ್ಲಿ ಹುಡುಕಿ. ಪ್ರೈಸ್‌ಚಾರ್ಟಿಂಗ್ ಅನ್ನೋ ಬೆಲೆ ತೋರಿಸುವ ವೆಬ್‌ಸೈಟಿನಲ್ಲಿ ಬಿಡಿ ಕ್ಯಾಸೆಟ್‌ಗೆ ಎಷ್ಟು, ಪ್ಯಾಕಿಂಗ್ ಡಬ್ಬದ ಸಮೇತ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ಅಲ್ಲಿನ ಬೆಲೆ ಪೂರ್ತಿ ನಿಮ್ಮ ಕೈಗೆ ಬರಲ್ಲ, ಕೊರಿಯರ್ ಖರ್ಚೇ ಕ್ಯಾಸೆಟ್ ಬೆಲೆಯನ್ನು ಮೀರಬಹುದು.

76 ಇನ್ 1 ಮಾರಾಟಕ್ಕಲ್ಲ, ಆಡೋಕೆ ಇಟ್ಟುಕೊಳ್ಳಿ. ಅದರಲ್ಲಿ ಹೆಚ್ಚಿನವು ಅದೇ ಗೇಮ್‌ಗಳು ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತವೆ. ನಮ್ಮ ಕಡೆ ನಿಜಕ್ಕೂ ಅಪರೂಪ ಅಂದರೆ ಸಮುರಾಯ್ ಹೆಸರಲ್ಲಿ ಭಾರತದಲ್ಲಿ ಮಾರಿದ ಅಧಿಕೃತ ನಿಂಟೆಂಡೊ ಡಬ್ಬ. ಅದು ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ಒಂದು ಮಾತು ಹೇಳಿ.

ಹಿರಗಾನ_ಕಲಿಯುತ್ತಿರುವವಳು:

ಹಿಂದಿನ ಆ ಮೂರು ಅಕ್ಷರದ ಫೋಟೊ ಹಾಕ್ತೀರಾ? ಒರೆಸುವ ಮೊದಲು.

ಸಕ್ಕರೆನಾಡು_88:

ಹಾಕಿದ್ದೇನೆ. ಅಡಾಪ್ಟರ್ ಮುಟ್ಟಿಲ್ಲ, ನೋಡಿದರೆ 100 ವೋಲ್ಟ್ ಅಂತಲೇ ಇದೆ. ತುಂಬ ಥ್ಯಾಂಕ್ಸ್, ಇನ್ನೊಂದು ಗಂಟೆ ತಡವಾಗಿದ್ದರೆ ಹಾಕಿಬಿಡುತ್ತಿದ್ದೆ. ಪಿನ್ನು 60, ಎರಡು ಸಲ ಎಣಿಸಿದೆ. ಸ್ಟಿಕರ್ ಅಕ್ಷರ ಚೂಪಾಗಿದೆ. ಟ್ರಂಕಿನಲ್ಲಿ ಪೇಪರ್ ಕೆಳಗೆ ಏನೂ ಸಿಗಲಿಲ್ಲ.

ಹಿರಗಾನ_ಕಲಿಯುತ್ತಿರುವವಳು:

ಅದು ಹಿರಗಾನ, ಜಪಾನಿ ಭಾಷೆಯ ಒಂದು ಲಿಪಿ. ಕೆ, ನ್, ಜಿ. ಕೆಂಜಿ ಅಂತ ಒಬ್ಬ ಹುಡುಗನ ಹೆಸರು. ಮೊದಲ ಅಕ್ಷರ ದೊಡ್ಡದು, ಕೊನೆಯದು ಜಾಗ ಸಾಲದೆ ಇರುಕಿಕೊಂಡಿದೆ ನೋಡಿ, ಬರೆಯೋಕೆ ಹೊಸದಾಗಿ ಕಲಿತ ಮಗುವಿನ ಕೈಬರಹ ಇದ್ದ ಹಾಗಿದೆ. ಆಗ ಅಲ್ಲಿನ ಮಕ್ಕಳು ಕ್ಯಾಸೆಟ್‌ಗಳನ್ನು ಒಬ್ಬರಿಗೊಬ್ಬರು ಆಡೋಕೆ ಕೊಡುತ್ತಿದ್ದರು, ಕಳೆದುಹೋಗದಿರಲಿ ಅಂತ ಹಿಂದೆ ಹೆಸರು ಬರೆಯುತ್ತಿದ್ದರು. ನಾವು ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸುತ್ತೇವಲ್ಲ, ಹಾಗೆ. ಹೀಗೆ ಹೆಸರಿರುವ ಹಳೆ ಕ್ಯಾಸೆಟ್‌ಗಳನ್ನು ಕೂಡಿಟ್ಟು, ಬರೆದವರನ್ನು ಹುಡುಕಿ ವಾಪಸ್ ಕೊಡುವ ಒಂದು ಸಂಗ್ರಹವೇ ಜಪಾನಿನಲ್ಲಿದೆ.

ಅಂದರೆ ನಿಮ್ಮ ದೊಡ್ಡಪ್ಪ ಇದನ್ನು ಹೊಸದಾಗಿ ಕೊಂಡದ್ದಲ್ಲ, ಯಾರೋ ಆಡಿ ಮಾರಿದ್ದನ್ನು ತಂದಿದ್ದಾರೆ. ದಯವಿಟ್ಟು ಆ ಹೆಸರು ಅಳಿಸಬೇಡಿ.

ಅಗ್ರಹಾರದವನು:

ಇವರು ಹೇಳಿದ್ದು ನೂರಕ್ಕೆ ನೂರು ಸರಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಬರಹ ಇದ್ದರೆ ಬೆಲೆ ಕಮ್ಮಿ ಅಂತ ಸುಮ್ನೆ ರೂಢಿಯಲ್ಲಿ ಹೇಳಿಬಿಟ್ಟೆ. ನಿಮ್ಮ ಕ್ಯಾಸೆಟ್ ಜಪಾನಿನಿಂದಲೇ ಬಂದದ್ದು ಅನ್ನೋಕೆ ಆ ಹೆಸರಿಗಿಂತ ಒಳ್ಳೆ ಗುರುತು ಬೇಕಿಲ್ಲ. ಇಲ್ಲಿ ಸಿಗುತ್ತಿದ್ದ ನಕಲಿ ಮೇಲೆ ಹಿರಗಾನದಲ್ಲಿ ಯಾರು ಬರೆಯುತ್ತಾರೆ?

ಸಕ್ಕರೆನಾಡು_88:

ನಿನ್ನೆ ರಾತ್ರಿ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ, ಬೆಂಗಳೂರಿನಲ್ಲಿದ್ದಾನೆ. ಫೋಟೊ ನೋಡಿ ಎರಡು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಹೇಳಿದ, ಚಿಕ್ಕವನಿದ್ದಾಗ ಆ ಅಕ್ಷರಗಳನ್ನು ಕಂಪನಿಯ ಗುರುತು ಅಂದುಕೊಂಡಿದ್ದನಂತೆ, ಬೇಸಿಗೆ ರಜೆಯಲ್ಲಿ ತನ್ನ ನೋಟ್‌ಬುಕ್ಕಿನ ಮೇಲೆಲ್ಲ ಅದನ್ನೇ ಬಿಡಿಸುತ್ತಿದ್ದನಂತೆ. ಡಬ್ಬ ಕೆಟ್ಟ ಮೇಲೆ ದೊಡ್ಡಪ್ಪ ಕ್ಯಾಸೆಟ್ ಮಾತ್ರ ಸುತ್ತಿಟ್ಟಿದ್ದಾರೆ. ಮಾರುವ ಯೋಚನೆ ಬಿಟ್ಟೆವು. ದಸರಾಕ್ಕೆ ಅಣ್ಣ ಬರುತ್ತಾನೆ, ಅಷ್ಟರಲ್ಲಿ ಇದು ಓಡುತ್ತಾ ಅಂತ ನೋಡಬೇಕು. ಮೈಸೂರಿನಲ್ಲಿ ಯಾರ ಹತ್ತಿರವಾದರೂ ಡಬ್ಬ ಇದೆಯಾ?

ಬೆಸುಗೆಕಡ್ಡಿ_ಮೈಸೂರು:

ನನ್ನ ಹತ್ತಿರ ಇದೆ. ನಮ್ಮ ಕಡೆಯ 60 ಪಿನ್ನಿನ ನಕಲಿ ಡಬ್ಬವೇ, ನಿಮ್ಮ ಕ್ಯಾಸೆಟ್ ನೇರವಾಗಿ ಕೂರುತ್ತದೆ. ಈ ಗೇಮಿಗೆ ಒಳಗೆ ಬ್ಯಾಟರಿ ಇಲ್ಲ, ಹಾಗಾಗಿ ಸೋರಿ ಹಾಳಾಗಿರುವ ಭಯವಿಲ್ಲ. ಇಡೀ ಗೇಮು ಇರೋದೇ 40 ಕಿಲೋಬೈಟ್, ನೀವು ಹಾಕಿದ ಫೋಟೊ ಅದಕ್ಕಿಂತ ಎಷ್ಟೋ ದೊಡ್ಡದು. ಪಿನ್ನುಗಳ ಮೇಲೆ ಕಿಲುಬು ಹತ್ತಿರಬಹುದು ಅಷ್ಟೆ. ಬಾಯಲ್ಲಿ ಊದಬೇಡಿ, ಎಂಜಲಿನ ತೇವಕ್ಕೆ ಕಿಲುಬು ಇನ್ನೂ ಜಾಸ್ತಿಯಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಕಡ್ಡಿಯಲ್ಲಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕೋಣ. ಭಾನುವಾರ ಬೆಳಗ್ಗೆ ಹತ್ತಕ್ಕೆ ಬನ್ನಿ, ಮನೆ ಎಲ್ಲಿ ಅಂತ ಮೆಸೇಜ್ ಮಾಡುತ್ತೇನೆ.

ಸಕ್ಕರೆನಾಡು_88:

ಖಂಡಿತ ಬರುತ್ತೇನೆ. ಆಲ್ಕೊಹಾಲ್ ನಾನೇ ತರಲಾ?

ಬೆಸುಗೆಕಡ್ಡಿ_ಮೈಸೂರು:

ಬೇಡ, ಇದೆ. ಕ್ಯಾಸೆಟ್ ತನ್ನಿ ಸಾಕು. ಹೆಸರಿರುವ ಜಾಗಕ್ಕೆ ಕೈ ತಾಗದ ಹಾಗೆ ಬಟ್ಟೆಯಲ್ಲಿ ಸುತ್ತಿ ತನ್ನಿ.