ಅಪ್‌ಡೇಟ್: ಮಹಡಿ ಮೇಲಿನ ಅಕ್ವೇರಿಯಂ ಕಥೆ

ಚಿಕ್ಕಮಗಳೂರಿನ ನಮ್ಮ ಅಜ್ಜನ ಕಾಲದ ಮನೆಯ ಮಹಡಿಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಇಡಬಹುದಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಭಾಗ ಇದು.

ಇಡಲಿಲ್ಲ. ನೀರೇ ಸುಮಾರು 450 ಲೀಟರ್, ಅಂದರೆ 450 ಕೆಜಿ. 12 ಎಂಎಂ ಗಾಜು 90 ಕೆಜಿ ಹತ್ತಿರ. ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ 600 ದಾಟುತ್ತೆ. ಅಷ್ಟೂ ಭಾರ ಕೂರೋದು ಎಂಟು ಚದರಡಿ, ಅಂದರೆ ಮುಕ್ಕಾಲು ಚದರ ಮೀಟರ್ ಮೇಲೆ. ಈಗಿನ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಮನೆಗಳನ್ನೇ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರ, ಅಂದರೆ ಜನ, ಸಾಮಾನಿನ ಭಾರ ಅಂತ ಲೆಕ್ಕ ಹಾಕಿ ಕಟ್ಟುತ್ತಾರಂತೆ. ನಮ್ಮದೋ ಮರದ ತೊಲೆ, ಹಲಗೆ, ಮೇಲೆ ಮಣ್ಣು.

ನೋಡೋಕೆ ಬಂದ ಇಂಜಿನಿಯರ್ ಲೆಕ್ಕಕ್ಕೂ ಮೊದಲು ಒಂದು ಲೋಟ ನೀರು ತರಿಸಿ ನೆಲದ ಮೇಲಿಟ್ಟು, 'ಸ್ವಲ್ಪ ನಡೀರಿ' ಅಂದರು. ನಾನು ನಡೆದ ಹಾಗೆಲ್ಲ ನೀರು ನಡುಗಿತು. ಆಮೇಲೆ ಕೆಳಗಿಂದ ತೊಲೆಯ ತುದಿ, ಗೋಡೆಯೊಳಗೆ ಹೋಗುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರು. ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು! ಗೆದ್ದಲು. ಮಳೆಗಾಲದ ಥಂಡಿಗೆ ಗೋಡೆ ಒಣಗೋದೇ ಇಲ್ಲವಲ್ಲ.

ಅಮ್ಮ ಮೊದಲೇ ಬೇಡ ಅಂದಿದ್ದರು. ಅದನ್ನು ಈಗ ದಿನಕ್ಕೆ ಮೂರು ಸಲ ಕೇಳ್ತಿದ್ದೀನಿ.

ಟ್ಯಾಂಕ್ ಈಗ ಕೆಳಗೆ ಹಾಲ್‌ನಲ್ಲಿ, ಮಣ್ಣಿನ ಮೇಲೆ ನೇರ ಕೂತಿರೋ ರೆಡ್ ಆಕ್ಸೈಡ್ ನೆಲದ ಮೇಲೆ. ಮಟ್ಟ ನೋಡಿ, ಅಡಿಗೆ ಥರ್ಮಾಕೋಲ್ ಹಾಕಿ, ಎರಡು ದಿನ ಬರೀ ನೀರು ತುಂಬಿಸಿಟ್ಟೆ. ಸೋರಲಿಲ್ಲ. ಮೀನು ಮುಂದಿನ ವಾರ. ತೊಲೆ ರಿಪೇರಿಗೆ ಬಡಗಿ ಹುಡುಕ್ತಿದ್ದೀನಿ.